ಆರಿಸುವವರು

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಸಿಡಿಮದ್ದು, ಹತ್ತಿಗಳನ್ನು ಹೊತ್ತ ಹಡಗೊಂದು ಸಿಡಿದಾಗ ಪ್ರಾಣತೆತ್ತ ಅಗ್ನಿಶಾಮಕರ ಸ್ಮರಣಾರ್ಥವಾಗಿ ವರ್ಷಂಪ್ರತಿ ನಡೆಯುವ ಸಪ್ತಾಹವು, ಬೇಸಿಗೆಯಲ್ಲಿ ಬಂಡೆಯೇ ಕಾದ ಕಾವಲಿಯಾಗುವ ಬಳ್ಳಾರಿಯ ಸತ್ಯನಾರಾಯಣಪೇಟೆಗೂ ದಯಮಾಡಿಸಿ, ಶೆಟ್ಟರ ಅಂಗಡಿಯ ಕಟ್ಟೆಯ ಮೇಲೆ ಈ ಸಂವಾದಕ್ಕೆ ಕಾರಣವಾಯಿತು.

“ಮೇಷ್ಟ್ರೇ, ಬೆಂಕಿ ತಡೆಯಾಕ ಸಹಭಾಗಿತ್ವದ ಸಮಿತಿ ಆತಂತಲ್ಲ?”

“ಆಯಿತು ಶೆಟ್ಟರೇ. ನಿನ್ನೆಯೇ ಅಧ್ಯಕ್ಷರನ್ನು ಆರಿಸಿದೆವು.”

“ಅಯ್ಯೋ, ಅವರಿಗೆ ಯಾವಾಗ ಬೆಂಕಿ ಹತ್ತಿತ್ರೀ?” ಎಂದ ಹಮಾಲಿ ತಿಪ್ಪಣ್ಣ.

“ಹಾಸ್ಯ ಸಾಕು. ಸಂಡೂರಿನ ಕಾಡಿಗೆ ಹೋಗಿ ಬೆಂಕಿರೇಖೆ ನೋಡಿದೆವು. ಕಿಚ್ಚು ದಾಟದಂತೆ ಒಣಹುಲ್ಲು ಸವರಿದ ಪಟ್ಟಿ ಅದು.”

“ನೋಡಿ ಏನ್ ಮಾಡಿದ್ರಿ?”

“ಪಕ್ಕದ ಹುಲ್ಲಿನಲ್ಲೇ ಒಲೆ ಹೂಡಿ ಒಗ್ಗರಣೆ-ಮಿರ್ಚಿ ಮಾಡಿಸಿದೆವು.”

“ಒಲೆ ಆರಿಸಿ ಬಂದ್ರಾ?”

“ಆ ಉಪಸಮಿತಿಯನ್ನು ಇನ್ನೂ ಆರಿಸಿಲ್ಲ.”

“ಮನೆಗಳ ಗತಿ?”

“ಮನೆಮನೆಗೂ ಕರಪತ್ರ! ಗ್ಯಾಸಿನ ವಾಸನೆ ಬಂದರೆ ಸ್ವಿಚ್ಚು ಮುಟ್ಟಬೇಡಿ, ರೆಗ್ಯುಲೇಟರು ಮುಚ್ಚಿ, ಕಿಟಕಿ ತೆರೆಯಿರಿ ಎಂದು.”

“ಭಾಳ ಉಪಕಾರ ಆತ್ರೀ. ನಮ್ಮಾಕಿಗೆ ಒಲೆ ಹಚ್ಚಾಕ ಕಾಗದ ಸಿಕ್ಕಿರಲಿಲ್ಲ.”

ಮೇಷ್ಟ್ರ ದೃಷ್ಟಿ ಗೋಡೆಗೆ ನೇತುಬಿದ್ದಿದ್ದ ಕೆಂಪು ಬಕೆಟ್ಟಿನತ್ತ ಹೊರಳಿತು. ತಳದಲ್ಲಿ ಎಲೆಯಡಿಕೆಯ ಉಗುಳು, ಎರಡು ಬೀಡಿತುಂಡು. ಬಣ್ಣಕ್ಕೆ ಬಣ್ಣ ಸೇರಿತ್ತೆನ್ನಬೇಕು.

“ಮರಳೆಲ್ಲಿ ಶೆಟ್ಟರೇ?”

“ನಿಮ್ಮ ಅಧ್ಯಕ್ಷರ ಮನೆ ಗಿಲಾವಿಗೆ ಹೋತು. ಸಹಭಾಗಿತ್ವ ಅಂದ್ರು, ಕೊಟ್ಟೆ.”

ಅಷ್ಟರಲ್ಲಿ ಹುಡುಗರು ಸಮಿತಿಯ ಬ್ಯಾನರನ್ನು ಎದುರುಗೋಡೆಗೆ ಬಿಗಿದರು. ಅಧ್ಯಕ್ಷರ ನಗುಮುಖದ ಹಿಂದೆ, ಅಲ್ಲಿ ಮೊದಲಿನಿಂದಲೂ ಬರೆದಿದ್ದ 101 ಪೂರ್ತಿ ಮುಚ್ಚಿಹೋಯಿತು.