ಖರಾಯದ ಪೆಟ್ಟಿಗೆ

ಉಡುಪಿಯವರಿಗೆ ಸದ್ದಿನ ಬಡತನ ಎಂದೂ ಇರಲಿಲ್ಲ. ಮಳೆಗಾಲವಿಡೀ ಹೆಂಚಿನ ಮೇಲೆ ಮಳೆ. ಅದು ನಿಂತಿತು ಅನ್ನುವಾಗ ಗದ್ದೆಯಲ್ಲಿ ಯಕ್ಷಗಾನದ ಆಟ ಶುರು. ಕೋಲ, ನೇಮ, ಕಂಬಳ, ಮದುವೆ ಹಾಲಿನ ವಾಲಗ, ಎರಡು ವರ್ಷಕ್ಕೊಮ್ಮೆ ಪರ್ಯಾಯ, ಇವೆಲ್ಲ ಸಾಲದು ಎಂಬಂತೆ ದೇವಸ್ಥಾನದ ಜಾತ್ರೆಗೆ ಗರ್ನಾಲು. ಇಂಥ ಊರಿನಲ್ಲಿ ಒಬ್ಬ ಮನುಷ್ಯ ನಿವೃತ್ತಿಯ ನಂತರ, ಸ್ವಂತ ದುಡ್ಡು ಹಾಕಿ, ಮನೆಯೊಳಗೆ ಇನ್ನಷ್ಟು ಸದ್ದು ಮಾಡುವ ಪೆಟ್ಟಿಗೆ ಕಟ್ಟಲು ಹೊರಟರೆ ನೆರೆಕರೆಯವರು ಏನೆಂದಾರು? ನಮ್ಮ ಪಕ್ಕದ ಮನೆಯವರು ಒಳ್ಳೆಯವರು, ಎದುರಿಗೆ ಏನೂ ಅನ್ನಲಿಲ್ಲ. ನನ್ನ ಹೆಂಡತಿಯ ಹತ್ತಿರ ಮಾತ್ರ, "ನಿಮ್ಮವರಿಗೆ ಕಿವಿ ಸ್ವಲ್ಪ ಮಂದವಾ?" ಎಂದು ಕೇಳಿದರಂತೆ.

ಕಿವಿ ಸರಿಯಾಗಿಯೇ ಉಂಟು. ತೊಂದರೆ ಇರುವುದು ಸ್ಪೀಕರಿನ ಹಿಂಬದಿಯಲ್ಲಿ. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಮುಂದೆ ಬರುವುದು ಹಾಡು, ಹಿಂದೆ ಹೊರಡುವುದು ಅದೇ ಹಾಡು ತಲೆಕೆಳಗಾಗಿ. ಇಬ್ಬರೂ ಎದುರುಬದುರಾದರೆ ಒಬ್ಬರನ್ನೊಬ್ಬರು ಅಳಿಸಿಬಿಡುತ್ತಾರೆ, ಮಂದ್ರವಂತೂ ಹೇಳಹೆಸರಿಲ್ಲದೆ ಹೋಗುತ್ತದೆ. ಆದ್ದರಿಂದ ಹಿಂದಿನ ಸದ್ದಿಗೊಂದು ಗತಿ ಕಾಣಿಸಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಒಂದು ದಾರಿ, ತೂತು ಕೊರೆದು ಬಿಡುವುದು ಇನ್ನೊಂದು. ಮೂರನೆಯದು ಟ್ರಾನ್ಸ್‌ಮಿಷನ್ ಲೈನ್. ಶಂಕುವಿನ ಬೆನ್ನಿಗೆ ಒಂದು ಉದ್ದನೆಯ ಕೊಳವೆ ಕಟ್ಟಿ, ಅದರೊಳಗೆ ಉಣ್ಣೆ ತುಂಬಿ, ಕೊಳವೆಯನ್ನು ಮಡಚಿ ಪೆಟ್ಟಿಗೆಯೊಳಗೆ ಅಡಗಿಸುವುದು. ಹಿಂದಿನ ಸದ್ದು ಉಣ್ಣೆಯಲ್ಲಿ ತೆವಳುತ್ತ ಸಾಗುವಾಗ ಅದರ ಕೀಚಲೆಲ್ಲ ಸತ್ತು, ಕೆಳಗಿನ ಮಂದ್ರ ಮಾತ್ರ ಕೊಳವೆಯ ಬಾಯಿಂದ ಹೊರಬಂದು ಮುಂದಿನ ಸದ್ದಿಗೆ ಕೈಜೋಡಿಸುತ್ತದೆ.

ಕೊಳವೆ ಮಡಚುವ ಉಪಾಯ 1930ರ ದಶಕದಲ್ಲೇ ಅಮೆರಿಕದಲ್ಲಿ ಬೆಂಜಮಿನ್ ಓಲ್ನಿ ಎಂಬವರಿಗೆ ಹೊಳೆದಿತ್ತು. ಅದಕ್ಕೆ ಉದ್ದ ಎಳೆಯ ಉಣ್ಣೆ ತುಂಬಿ ಇಂದಿನ ರೂಪ ಕೊಟ್ಟವರು ಇಂಗ್ಲೆಂಡಿನ ಆರ್ಥರ್ ಬೈಲಿ. 1965ರ ಅಕ್ಟೋಬರದ 'ವಯರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅಲ್ಲಿಂದ ಮುಂದೆ ಜಗತ್ತಿನ ಎಷ್ಟೋ ಹೆಂಗಸರ ಜಗಲಿ ಮರದ ಹೊಟ್ಟಿನಿಂದ ತುಂಬಿತು. ಹಾಗೆಂದು ಮಡಚಿದ ಕೊಳವೆ ನಮಗೆ ಹೊಸತೇನೂ ಅಲ್ಲ. ಜಾತ್ರೆಯಲ್ಲಿ ತೆಂಗಿನಮರಕ್ಕೆ ಕಟ್ಟುವ ಮೈಕಿನ ಹಾರ್ನ್ ಉಂಟಲ್ಲ, ಅದರೊಳಗೂ ಸದ್ದು ಹಿಂದೆ ಮುಂದೆ ತಿರುಗಿಯೇ ಹೊರಬರುವುದು. ಅದು ಮಂದ್ರಕ್ಕೆ ಪೂರ್ತಿ ಬಹಿಷ್ಕಾರ ಹಾಕಿದೆ, ಅಷ್ಟೇ ವ್ಯತ್ಯಾಸ.

ಕೊಳವೆ ಎಷ್ಟು ಉದ್ದ ಬೇಕು? ಯಾವ ಮಂದ್ರಕ್ಕೆ ಇಳಿಯಬೇಕೋ ಅದರ ಅಲೆಯುದ್ದದ ಕಾಲು ಭಾಗ. ಇಲ್ಲಿ ಆಸೆಬುರುಕರು ಕೆಡುತ್ತಾರೆ. ನಮ್ಮ ಕಾರ್ಕಳದ ಬಾಹುಬಲಿಯಷ್ಟು, ಅಂದರೆ 42 ಅಡಿಯ ಕೊಳವೆ ಮಾಡಿದರೆ ಏಳು ಹರ್ಟ್ಸ್‌ಗಿಂತಲೂ ಕೆಳಗಿನ ಸ್ವರ ಸಿಗುತ್ತದೆ. ಮನುಷ್ಯರ ಕಿವಿ 20ರಿಂದ ಕೆಳಗೆ ಕೇಳುವುದಿಲ್ಲ. 1432ರಿಂದ ಅವನು ಮೌನವಾಗಿ ನಿಂತಿರುವುದಕ್ಕೆ ವೈರಾಗ್ಯದ ಜೊತೆಗೆ ಭೌತಶಾಸ್ತ್ರದ ಬೆಂಬಲವೂ ಇದೆ. ಕಾಪುವಿನ ದೀಪಸ್ತಂಭದಷ್ಟು ಎತ್ತರ, 27 ಮೀಟರ್, ಮಾಡಿದರಂತೂ ಮೂರು ಹರ್ಟ್ಸ್. ನಾನು ಮಿತಭಾಷಿ, ನಲವತ್ತಕ್ಕೆ ತೃಪ್ತಿಪಟ್ಟೆ.

ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಅಳಿಯ ಲ್ಯಾಪ್‌ಟಾಪ್ ತೆರೆದ. "ಮಾವ, ಪುಸ್ತಕದಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಅಂತ ಉಂಟು. ಅದು ಇಪ್ಪತ್ತು ಡಿಗ್ರಿಗೆ. ನಮ್ಮಲ್ಲಿ ಇಪ್ಪತ್ತು ಡಿಗ್ರಿ ಯಾವಾಗ ಮಾರಾಯ್ರೆ? ಮೂವತ್ತಕ್ಕೆ 349 ಆಗ್ತದೆ." ಲೆಕ್ಕ ಹಾಕಿದರೆ 2.14 ಮೀಟರ್ ಇದ್ದದ್ದು 2.18 ಆಯಿತು. ಕರಾವಳಿಯ ಸೆಖೆಯ ಬೆಲೆ ನಾಲ್ಕು ಸೆಂಟಿಮೀಟರ್ ಪ್ಲೈವುಡ್ ಎಂದು ಆ ದಿನ ತಿಳಿಯಿತು. ಹುಡುಗ ಇಷ್ಟು ಕರಾರುವಾಕ್ಕಾಗಿ ಹೇಳಿದ್ದನ್ನು ಕೇಳಿ ಹೆಮ್ಮೆಪಡುತ್ತಿರುವಾಗಲೇ ಅವನೇ ಸೇರಿಸಿದ: "ಒಳಗೆ ಉಣ್ಣೆ ತುಂಬಿದ ಮೇಲೆ ವೇಗ ಪುನಃ ಕಡಿಮೆ ಆಗ್ತದೆ. ಎಷ್ಟು ಅಂತ ಸರಿಯಾಗಿ ಹೇಳ್ಲಿಕ್ಕೆ ಬರುದಿಲ್ಲ." ಮೊದಲೇ ಹೇಳಿದ್ದರೆ ನಾಲ್ಕು ಸೆಂಟಿಮೀಟರಿನ ಮೇಲೆ ಎರಡು ಚಾ ಖರ್ಚಾಗುತ್ತಿರಲಿಲ್ಲ.

ಮರಗೆಲಸಕ್ಕೆ ಕಾರ್ಕಳ ಕಡೆಯ ಆಚಾರ್ರು ಬಂದರು. ಕಪಾಟು, ಮಂಚ, ದೇವರ ಮಂಟಪ ಎಲ್ಲ ಮಾಡಿ ಪಳಗಿದ ಕೈ. ನಕ್ಷೆಯನ್ನು ಅಡಿಮೇಲು ಮಾಡಿ ನೋಡಿದರು. ಒಳಗೆ ಮೂರು ಸಾಲು ಓಣಿ, ಎರಡು ತಿರುವು, ಎತ್ತರ ಎರಡೂವರೆ ಅಡಿ ಚಿಲ್ಲರೆ.

"ರಾಯರೇ, ಇದಕ್ಕೆ ಬಾಗಿಲು ಎಲ್ಲಿ?"

"ಬಾಗಿಲಿಲ್ಲ. ಬುಡದಲ್ಲಿ ಒಂದು ಬಾಯಿ ಉಂಟು."

"ಒಳಗೆ ಎಂತ ಇಡುದು?"

"ಗಾಳಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಳಿಗೆ ಹದಿನೆಂಟು ಎಂಎಂ ಪ್ಲೈವುಡ್ಡಾ?" ಎಂದರು. ಆಮೇಲೆ ಕಿವಿಯ ಪೆನ್ಸಿಲ್ ತೆಗೆದು ನಕ್ಷೆಯ ಅಂಚಿನಲ್ಲಿ ಏನೋ ಗುಣಿಸಿದರು, ಎಂಟರಿಂದ ಭಾಗಿಸಿದರು. ಶೇಷ ಆರು ಉಳಿಯಿತು. ಮುಖ ಗಂಭೀರವಾಯಿತು. "ಖರಾಯ ಬಂತು ರಾಯರೇ."

ಆಯದ ಲೆಕ್ಕ ಗೊತ್ತಿಲ್ಲದವರಿಗೆ ಹೇಳಬೇಕು. ಶೇಷ ಒಂದು ಬಂದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಬಂದದ್ದು ಶುಭ, ಸಮ ಬಂದದ್ದು ಅಶುಭ. ಮನೆಗೆ ನೋಡುವ ಲೆಕ್ಕ ಇದು, ಸ್ಪೀಕರಿಗೆ ಯಾಕೆ ಎಂದು ವಾದಿಸಬಹುದಿತ್ತು. ಆದರೆ ಸದ್ದು ಮಾಡುವುದಕ್ಕೆಂದೇ ಮಾಡಿಸಿದ ಪೆಟ್ಟಿಗೆಗೆ ಕತ್ತೆಯ ಆಯ ಬಂದಿದೆ ಎಂದ ಮೇಲೆ ಯಾವ ಧೈರ್ಯದಿಂದ ವಾದಿಸುವುದು? ಅಳಿಯನನ್ನು ಕೇಳಿದೆ. ಒಳಗಿನ ಓಣಿಯ ಅಗಲ ಉದ್ದ ಹಾಗೇ ಇದ್ದರೆ ಹೊರಗಿನ ಅಳತೆ ಏನು ಬೇಕಾದರೂ ಆಗಲಿ ಎಂದ. ಆಚಾರ್ರು ಬುಡಕ್ಕೊಂದು ಪಟ್ಟಿ ಬಡಿದು ಪೆಟ್ಟಿಗೆಯನ್ನು ಖರದಿಂದ ಗಜಕ್ಕೆ ಏರಿಸಿದರು. ಆಸ್ಟ್ರೇಲಿಯದ ಥೀಲ್ 1961ರಲ್ಲಿ ಸ್ಪೀಕರ್ ಪೆಟ್ಟಿಗೆಗಳ ಹೊಂದಾಣಿಕೆಗೆ ಉದ್ದಾನುದ್ದ ಕೋಷ್ಟಕ ಮಾಡಿದ್ದರು. ಅದರಲ್ಲಿ ಆನೆಗೂ ಕತ್ತೆಗೂ ಕಾಲಂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅದು ಕೊರತೆಯೇ.

ಇನ್ನು ಉಣ್ಣೆ. ಹಳೆಯ ಲೆಕ್ಕದ ಪ್ರಕಾರ ಲೀಟರ್ ಜಾಗಕ್ಕೆ ಎಂಟು ಗ್ರಾಂ. ನನ್ನ ಕೊಳವೆ ಸುಮಾರು 37 ಲೀಟರ್, ಪೆಟ್ಟಿಗೆಯೊಂದಕ್ಕೆ 300 ಗ್ರಾಂ. ಕುರಿ ಇರುವುದು ಘಟ್ಟದ ಮೇಲೆ. ನಮ್ಮ ಹಿತ್ತಿಲಲ್ಲಿ ಇರುವುದು ಬೂರುಗದ ಮರ. ಪುಸ್ತಕ ಬರೆದವರಿಗೆ ಹಿತ್ತಿಲಲ್ಲಿ ಬೂರುಗ ಇದ್ದಿದ್ದರೆ ಅವರೂ ಕುರಿಯನ್ನು ಅದರ ಪಾಡಿಗೆ ಬಿಡುತ್ತಿದ್ದರು. ಬೇಸಿಗೆಯಲ್ಲಿ ಕಾಯಿ ಒಡೆದಾಗ ಇವಳು ದಿಂಬಿಗೆಂದು ತೆಗೆದಿರಿಸಿದ್ದ ಹತ್ತಿ ಪೆಟ್ಟಿಗೆಯೊಳಗೆ ಹೋಯಿತು. "ನಾವು ತಲೆ ಎಲ್ಲಿ ಇಡುದು?" ಎಂದು ಕೇಳಿದಳು. ಬೂರುಗದ ಹತ್ತಿಗೆ ಒಂದು ದುರ್ಗುಣ, ದಿನ ಕಳೆದಂತೆ ಕುಸಿದು ತಳ ಹಿಡಿಯುತ್ತದೆ. ಅದಕ್ಕೆ ಮಲ್ಪೆಯಿಂದ ಹಳೆಯ ಮೀನುಬಲೆಯ ತುಂಡು ತಂದು, ಓಣಿಯೊಳಗೆ ಅಡ್ಡಡ್ಡ ಬಿಗಿದು, ಅದರಲ್ಲಿ ಹತ್ತಿ ತೂಗುಬಿಟ್ಟದ್ದಾಯಿತು. ತುಂಬುವುದು ಹೆಚ್ಚಾದರೆ ಮಂದ್ರ ಉಸಿರುಗಟ್ಟುತ್ತದೆ. ಕಡಿಮೆಯಾದರೆ ಬೇರೊಂದು ಉಪದ್ರ: ನಲವತ್ತರ ಕೊಳವೆಯಲ್ಲಿ ಅದರ ನಾಲ್ಕು ಪಟ್ಟು, 160 ಹರ್ಟ್ಸ್ ಹತ್ತಿರ, ಬಾಯಿಂದ ಬರುವ ಸದ್ದು ಮುಂದಿನದಕ್ಕೆ ತಿರುಗಿಬಿದ್ದು ಅಲ್ಲೊಂದು ಗುಂಡಿ ತೋಡುತ್ತದೆ. ಗಂಡಸರ ದನಿಯ ತಳ ಇರುವುದೇ ಅಲ್ಲಿ. ಹತ್ತಿ ಒಂದು ಹಿಡಿ ಕಡಿಮೆಯಾದರೆ ವಾರ್ತೆ ಓದುವವರು ಉಪವಾಸ ಬಿದ್ದವರ ಹಾಗೆ ಕೇಳುತ್ತಾರೆ.

ಬಲೆ ಇನ್ನೊಂದಕ್ಕೂ ಬಂತು. ಬುಡದಲ್ಲಿ ಬಾಯಿ, ಒಳಗೆ ಕತ್ತಲು, ಎರಡು ತಿರುವು, ಮೆತ್ತನೆ ಹಾಸಿಗೆ, ಹತ್ತಿಯಲ್ಲಿ ಉಳಿದ ಅಷ್ಟಿಷ್ಟು ಬೀಜ. ಇಷ್ಟು ಸೌಕರ್ಯದ ಮನೆ ಉಡುಪಿಯ ಇಲಿಗಳಿಗೆ ಬಾಡಿಗೆಗೂ ಸಿಕ್ಕಲಿಕ್ಕಿಲ್ಲ. ಆಷಾಢದ ಒಂದು ರಾತ್ರಿ ಯಂತ್ರ ಆರಿಸಿದ ಮೇಲೂ ಎಡಗಡೆಯ ಪೆಟ್ಟಿಗೆ ಕರಕರ ನುಡಿಯುತ್ತಿತ್ತು. ಸ್ಪೀಕರಿನ ಗುಣಮಟ್ಟದ ಬಗ್ಗೆ ಮನೆಯಲ್ಲಿ ಮೊದಲ ಪ್ರಶಂಸೆ ಬಂದದ್ದು ಆಗಲೇ. "ಎಷ್ಟು ಸ್ಪಷ್ಟ ಕೇಳ್ತದೆ ನೋಡಿ" ಎಂದಳು ಇವಳು. ಈಗ ಎರಡೂ ಬಾಯಿಗೆ ಬಲೆಯ ಮುಸುಕು.

ಖರ್ಚಿನ ವಿಷಯ ಬೇಡ. 1928ರಲ್ಲಿ ನಮ್ಮದೇ ಸೀಮೆಯಲ್ಲಿ ಹುಟ್ಟಿ ದೇಶಕ್ಕೆಲ್ಲ ಉಳಿತಾಯ ಕಲಿಸಿದ ಪಿಗ್ಮಿ ಠೇವಣಿ ಯಾವ ಉದ್ದೇಶಕ್ಕೆ ಹುಟ್ಟಿತ್ತೋ ಅದಕ್ಕೆ ಇದು ತಕ್ಕದ್ದಲ್ಲ ಎಂದು ಮಾತ್ರ ಹೇಳಬಲ್ಲೆ.

ಪರೀಕ್ಷೆಯ ದಿನ ಏನು ಹಾಕುವುದು? ಬಡಗುತಿಟ್ಟಿನ ಯಕ್ಷಗಾನ ಕೇಳುವ ಮನೆಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. 1990ರಲ್ಲಿ ತೀರಿಹೋದ ಭಾಗವತ ಕಾಳಿಂಗ ನಾವಡರ ಪದ್ಯಗಳ ಕ್ಯಾಸೆಟ್, ಯಾರೋ ಅಭಿಮಾನಿ ಆಟದ ಚಪ್ಪರದಲ್ಲಿ ಕೂತು ಹಿಡಿದದ್ದು. ಅಳಿಯ ಮೈಕ್ ಇಟ್ಟು ಲ್ಯಾಪ್‌ಟಾಪಿನಲ್ಲಿ ಗೆರೆ ನೋಡುತ್ತ ಕೂತ. ಆಚಾರ್ರು ಆನೆಯ ದನಿ ಬರುತ್ತದೋ ಎಂದು ಬಾಗಿಲಿಗೆ ಒರಗಿ ನಿಂತರು. ಪದ್ಯ ಏರಿತು, ಚೆಂಡೆ ಸಿಡಿಯಿತು. ಮದ್ದಳೆ ಬೆರಳು ಬೆರಳಾಗಿ ಕೇಳಿತು. ಅದೆಲ್ಲದರ ಕೆಳಗೆ, ನೆಲವೇ ಗುನುಗಿದ ಹಾಗೆ, ಇದುವರೆಗೆ ಆ ಕ್ಯಾಸೆಟ್ಟಿನಲ್ಲಿ ನಾನು ಕೇಳಿಯೇ ಇಲ್ಲದ ಗಂಭೀರ ಮಂದ್ರವೊಂದು ಎಡೆಬಿಡದೆ ಹರಿಯುತ್ತಿತ್ತು. ನನಗೆ ಕಣ್ಣು ಮಂಜಾಯಿತು. "ಶ್ರುತಿಯಾ?" ಎಂದೆ.

ಅಳಿಯ ಗೆರೆ ನೋಡಿ, "ಕರೆಂಟು ಮಾವ, 50 ಹರ್ಟ್ಸ್. ಮತ್ತೆ ಅದರ ಪಕ್ಕದಲ್ಲಿ ಮೇಳದ ಜನರೇಟರ್" ಎಂದ.

ಆಮೇಲೆ ಕೂತು ಲೆಕ್ಕ ಹಾಕಿದೆವು. ಕಪ್ಪು ಒಂದರ ಶ್ರುತಿಗೆ ಹಾಡುವ ಗಂಡಸಿನ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಮಂದ್ರ ತಂತಿ ಅದರ ಅರ್ಧ, 69. ಭಾಗವತರಲ್ಲಿ ಹೆಚ್ಚಿನವರು ಕಪ್ಪು ಒಂದಕ್ಕಿಂತ ಮೇಲೇ ಹಾಡುವವರು. ಅಂದರೆ ನಾನು ಕೇಳುವ ಸಂಗೀತದಲ್ಲಿ 69ರಿಂದ ನಲವತ್ತರ ತನಕದ ಜಾಗದಲ್ಲಿ ವಾಸವಿರುವುದು ವಿದ್ಯುತ್ ಇಲಾಖೆ ಮತ್ತು ಡೀಸೆಲ್ ಎಂಜಿನ್ ಮಾತ್ರ. ಏಳಡಿ ಕೊಳವೆ ಅವರಿಗಾಗಿ ಕಟ್ಟಿದ ಅರಮನೆ.

ಆದರೂ ಬಂದವರು ಹೊಗಳದೆ ಹೋಗುವುದಿಲ್ಲ. ಕಾಪುವಿನ ಗೆಳೆಯರೊಬ್ಬರು, ಮುಂಬೈಯಲ್ಲಿ ಹೋಟೆಲು ನಡೆಸಿ ಈಗ ಕಡಲ ಕರೆಯಲ್ಲಿ ಮನೆ ಕಟ್ಟಿ ಕೂತವರು, ತಮಗೂ ಒಂದು ಜೊತೆ ಬೇಕೆಂದರು. ಮಾಡಿಸಿ ಕೊಂಡುಹೋಗಿ ಇಟ್ಟೆವು. ಅವರ ಜಗಲಿಯಲ್ಲಿ ಕಡಲು ಹಗಲಿರುಳು ಮೊರೆಯುತ್ತದೆ. ಸ್ಪೀಕರಿನ ಮಂದ್ರ ಯಾವುದು, ಅಲೆಯ ಮಂದ್ರ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಯಂತ್ರ ಹಾಕಲು ಮರೆತ ದಿನವೂ ನೆಂಟರು, "ಬೇಸ್ ಭಾರೀ ಲಾಯ್ಕ್ ಉಂಟು ಶೆಟ್ರೇ" ಎನ್ನುತ್ತಾರಂತೆ. ಉಪ್ಪುಗಾಳಿಗೆ ತಂತಿಯ ತುದಿ ಹಸಿರು ಹಿಡಿದು ಬಲಗಡೆಯದು ಮಾತು ನಿಲ್ಲಿಸಿದ್ದು ಅವರಿಗೆ ಗೊತ್ತಾದದ್ದು ಎಷ್ಟೋ ಸಮಯದ ನಂತರ.

ಮಾಡಿಸಬೇಕೆಂದಿರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಪ್ಲೈವುಡ್ ಕೊಯ್ಯಿಸಬೇಡಿ. ಹೆಂಚಿನ ಮನೆಯಾದರೆ ಮೊದಲು ಸಡಿಲ ಹೆಂಚು ಸರಿಮಾಡಿಸಿ, ನಲವತ್ತು ಹರ್ಟ್ಸ್‌ಗೆ ಅವೂ ಹಾಡುತ್ತವೆ. ಬಾಯಿಗೆ ಬಲೆ ಕಟ್ಟುವುದು ಕಡ್ಡಾಯ. ಮತ್ತು ನಿಮ್ಮ ಕಡೆ ಯಾವುದಾದರೂ ಮೇಳದಲ್ಲಿ ನಲವತ್ತು ಹರ್ಟ್ಸ್‌ನಲ್ಲಿ ಹಾಡಬಲ್ಲ ಭಾಗವತರಿದ್ದರೆ ದಯವಿಟ್ಟು ತಿಳಿಸಿ, ನಮ್ಮಲ್ಲಿ ಪೆಟ್ಟಿಗೆ ತಯಾರುಂಟು.