ಲಂಡನ್ನಿನ ಗಡಿ ಪಂಡಿತರಿಗೆ ಬನಶಂಕರಿಯಿಂದ ಬಹಿರಂಗ ಪತ್ರ

ಸನ್ಮಾನ್ಯ ಗಡಿ ಪಂಡಿತರ ಸನ್ನಿಧಿಗೆ,

ಐರ್ಲೆಂಡ್ ದ್ವೀಪವನ್ನು ಎರಡು ಮಾಡಿರುವ ಗಡಿ ಸುಮಾರು 500 ಕಿ.ಮೀ. ಉದ್ದದ್ದು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದವು ಮೂವತ್ತು ವರ್ಷಗಳ ರಕ್ತಪಾತ ನಿಲ್ಲಿಸಿದ ಮೇಲೆ ಅಲ್ಲಿನ ಸೈನಿಕ ಚೌಕಿಗಳು ಎದ್ದುಹೋದವು. 2016ರ ಜನಮತದಲ್ಲಿ ಉತ್ತರ ಐರ್ಲೆಂಡಿನ ಶೇ 55.8 ಮತದಾರರು ಯುರೋಪ್ ಒಕ್ಕೂಟದಲ್ಲೇ ಇರೋಣ ಎಂದರೂ ಬ್ರಿಟನ್ ಹೊರನಡೆಯಿತು. ಹೊರನಡೆದ ಮೇಲೆ ಸರಕಿನ ತಪಾಸಣೆ ಎಲ್ಲಾದರೂ ಆಗಲೇಬೇಕು. ನೆಲದ ಮೇಲೆ ಮಾಡಿದರೆ ಬಂದೂಕು ಮರಳುವ ಭಯ. ಹಾಗಾಗಿ ಪಂಡಿತರು ಗಡಿಯನ್ನೇ ಎತ್ತಿ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ನಡುವಿನ ಸಮುದ್ರಕ್ಕೆ ಹಾಕಿದರು. ಈ ಉಪಾಯ ಹೈದರಾಬಾದ್ ನಿಜಾಮನ ಕರೋಡಗಿರಿ, ಅಂದರೆ ಸುಂಕದ ಇಲಾಖೆಗೂ ಹೊಳೆದಿರಲಿಲ್ಲ. ಪಾಪ, ಆ ಸಂಸ್ಥಾನಕ್ಕೆ ಸಮುದ್ರವೇ ಇರಲಿಲ್ಲ.

ನಮ್ಮ ಸೀಮೆಯಲ್ಲೂ 1948ರವರೆಗೆ ಇಂಥದೇ ಗಡಿಯಿತ್ತು. ಆಗ ಇಳಕಲ್ಲು, ಹುನಗುಂದ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯವು. ಮಗ್ಗುಲ ಕುಷ್ಟಗಿ ನಿಜಾಮನದು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸುನೂಲಿಗೆ ರೇಷ್ಮೆ ಸೆರಗಿನ ಹಾಸುನೂಲನ್ನು ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದಲ್ಲೇ ಕೂಡಿಸುತ್ತಾರೆ. ಹಾಗೆ ಕೂಡಿಸಿದ ಸೀರೆ ಬೀಗರ ಊರಿನ ಸಂತೆ ಮುಟ್ಟಬೇಕಾದರೆ ಸುಂಕದ ನಾಕಾ ದಾಟಬೇಕಿತ್ತು. 1947ರ ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದ್ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಹತ್ತು ತಿಂಗಳೂ ಬಾಳಲಿಲ್ಲ. ನಿಜಾಮನ ಪರದ ರಜಾಕಾರರ ಹಾವಳಿಗೆ ಜನ ಗಡಿ ದಾಟಿ ಬಂದರು. ಗಡಿಯ ಈಚೆಯ ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಇಷ್ಟರ ನಡುವೆಯೂ ನಿಜಾಮನಿಗೆ ಪೋರ್ಚುಗೀಸರ ಮರ್ಮಗೋವಾ ಬಂದರಿನ ಮೇಲೆ ಕಣ್ಣು. ಬಂದರು ಕೈಸೇರಿದ್ದರೂ ಅಲ್ಲಿಗೆ ಹೋಗುವ ರೈಲು ಕೊಪ್ಪಳ ಬಿಟ್ಟರೆ ಗದಗ, ಹುಬ್ಬಳ್ಳಿಯೆಂಬ ಪರರಾಜ್ಯವನ್ನು ಹಾಯಲೇಬೇಕಿತ್ತು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು. ಬಂದರಿನ ಬಯಕೆಯೂ ಅಲ್ಲಿಗೇ ಮುಗಿಯಿತು.

ಪಂಡಿತರಿಗೆ ಇಂಥ ಕೊರತೆಯಿಲ್ಲ, ಸುತ್ತ ನೀರೇ ನೀರು. ಹಾಗಿದ್ದೂ 2021ರ ಫೆಬ್ರುವರಿಯಲ್ಲಿ ಉತ್ತರ ಐರ್ಲೆಂಡಿನ ಲಾರ್ನ್ ಬಂದರಿನ ಸಿಬ್ಬಂದಿಗೆ ಬೆದರಿಕೆ ಬಂದು ತಪಾಸಣೆ ಕೆಲಕಾಲ ನಿಂತಿತು. ಮರುವರ್ಷ ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಡಿಯುಪಿ ಪಕ್ಷ ಈ ಸಮುದ್ರ ಗಡಿಗೆ ಮುನಿಸಿಕೊಂಡು ಅಲ್ಲಿನ ಸರ್ಕಾರ ಬಿಟ್ಟಿತು. ಬೆಲ್‌ಫಾಸ್ಟಿನ ಆಡಳಿತ ಮತ್ತೆ ಕಣ್ಣು ಬಿಟ್ಟಿದ್ದು 2024ರ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲು, ಬ್ರಿಟನ್ ಮತ್ತು ಯುರೋಪ್ ಒಕ್ಕೂಟ ಒಪ್ಪಿದ 2023ರ ವಿಂಡ್ಸರ್ ಚೌಕಟ್ಟು ಸರಕಿಗೆ ಹಸಿರು ಸಾಲು, ಕೆಂಪು ಸಾಲು ಎಂದು ದಾರಿ ಮಾಡಿತು.

ಬಂಡವಾಳ ಮಾತ್ರ ಪಂಡಿತರ ಭಾಷಣಕ್ಕೆ ಕಾಯಲಿಲ್ಲ. ಮೊದಲು ಬ್ರಿಟನ್ನಿನ ನೆಲ ಹಾಯ್ದು ಯುರೋಪಿಗೆ ಹೋಗುತ್ತಿದ್ದ ಐರಿಶ್ ಲಾರಿಗಳು 2021ರ ಜನವರಿಯಿಂದ ರಾಸ್ಲೇರ್ ಬಂದರಿನಲ್ಲಿ ಹಡಗು ಹತ್ತಿ ನೆಟ್ಟಗೆ ಫ್ರಾನ್ಸಿನ ಡಂಕರ್ಕಿಗೆ ಹೋಗತೊಡಗಿದವು. ಇತ್ತ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಸುಮಾರು 2.5 ಕೋಟಿ ಪೌಂಡ್ ಸುರಿದು ತಪಾಸಣಾ ಕಟ್ಟಡ ಎಬ್ಬಿಸಿದ್ದಾಯಿತು. ಅಷ್ಟರಲ್ಲಿ ನಿಯಮ ಬದಲಾಗಿ, ಬಹುಪಾಲು ಖಾಲಿ ಬಿದ್ದ ಅದನ್ನು ಕೆಡವುವ ಮಾತೂ 2024ರಲ್ಲಿ ನಡೆಯಿತು.

ಕೆಡವುವ ಅಗತ್ಯವಿಲ್ಲ. ಪುಷ್ಯ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಠಿಕಾಣಿ ಹೂಡುವ ನಾಟಕ ಕಂಪನಿಗಳಿಗೆ ದೊಡ್ಡ ಚಪ್ಪರ ಬೇಕೇ ಬೇಕು. ಬಿಚ್ಚಿ ಕಳಿಸಿದರೆ ಬಾಡಿಗೆ ಮಾತಾಡಬಹುದು. ಸಾಗಣೆ ವೆಚ್ಚ ಪಂಡಿತರದೇ.

ಇಂತಿ,
ಬನಶಂಕರಿ, ಬಾದಾಮಿ ತಾಲ್ಲೂಕು