ಖಂಡಾಂತರ ಬಿ.ಪಿ.: ಸರಸ್ವತಿಪುರಂ ಕುರಿತ ಒಂದು ವಿದ್ವತ್ ಪ್ರಬಂಧ

1978ರಲ್ಲಿ ಆಲ್ಮಾ ಅಟಾದಲ್ಲಿ ಸಭೆ ಸೇರಿದ ಆರೋಗ್ಯ ಧುರೀಣರು, ಪ್ರಾಥಮಿಕ ಆರೈಕೆಯ ಮೂಲಕ 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯವೆಂದು ಘೋಷಿಸಿದರು. ಸದರಿ ಘೋಷಣೆಯನ್ನು ಆಮೂಲಾಗ್ರ ಪರಿಶೀಲಿಸಲಾಗಿ, ಮೈಸೂರಿನ ಸರಸ್ವತಿಪುರಂ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಈ ಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಅಧ್ಯಯನ ಕ್ಷೇತ್ರದ ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಒಳಗೆ ವಿಶ್ವವಿದ್ಯಾನಿಲಯದ ಈಜುಕೊಳ, ಮಿಕ್ಕಿದ್ದು ಮೇನು ಮತ್ತು ಕ್ರಾಸು. ಇಲ್ಲಿ ಪ್ರಾಥಮಿಕ ಚಿಕಿತ್ಸೆಗೆ ಮೂರು ಮೆಟ್ಟಿಲು: ಪಕ್ಕದ ಮನೆಯವರು, ಮೆಡಿಕಲ್ ಶಾಪಿನವರು, ಇವರಿಬ್ಬರೂ ಕೈಚೆಲ್ಲಿದ ಮೇಲೆ ಡಾಕ್ಟರು. ಅಂತರರಾಷ್ಟ್ರೀಯ ಸಹಯೋಗವಂತೂ ಮನೆಮನೆಯಲ್ಲೂ ನಡೆದಿದೆ. ನ್ಯೂಜೆರ್ಸಿಯ ಮಗ ಬಿ.ಪಿ. ಮಿಷನ್ ಕಳಿಸಿರುತ್ತಾನೆ. ರಾಯರು ಸ್ವೆಟರಿನ ತೋಳಿನ ಮೇಲೇ ಪಟ್ಟಿ ಸುತ್ತಿಕೊಳ್ಳುತ್ತಾರೆ. ಮೊದಲ ಸಲ 164 ಬರುತ್ತದೆ. "ಮೆಟ್ಲು ಹತ್ತಿ ಬಂದೆ ನೋಡು, ಅದಕ್ಕೆ." ಎರಡನೇ ಸಲ 158. "ನೀನು ಮಾತಾಡಿಸ್ಬೇಡ ಕಣೇ." ಮೂರನೇ ಸಲ 138. ಮಗನಿಗೆ ವಾಟ್ಸಾಪಿನಲ್ಲಿ ಹೋಗುವುದು ಇದೊಂದೇ. ಪಾಶ್ಚಾತ್ಯ ವಿದ್ವಾಂಸರು ಈ ಪದ್ಧತಿಯನ್ನು ಪ್ರಕಟಣೆಯ ಪಕ್ಷಪಾತವೆಂದು ಕರೆದು ಗ್ರಂಥಗಳನ್ನೇ ಬರೆದಿದ್ದಾರೆ. ರಾಯರು ಒಂದನ್ನೂ ಓದದೆ ಸಿದ್ಧಿ ಪಡೆದಿದ್ದಾರೆ.

ಸಂಶೋಧಕಿ ಮನೆಮನೆಗೆ ಒಯ್ಯುವ ಆರೋಗ್ಯ ಪ್ರಶ್ನಾವಳಿಯ ವಿಚಾರ ಇನ್ನೂ ಗಹನ. "ದಿನಕ್ಕೆ ಎಷ್ಟು ಗ್ರಾಂ ಉಪ್ಪು?" ಎಂಬ ಪ್ರಶ್ನೆಗೆ ಬರುವ ಉತ್ತರ: "ರುಚಿಗೆ ತಕ್ಕಷ್ಟು." "ಮಂಡಿನೋವು ಒಂದರಿಂದ ಹತ್ತರೊಳಗೆ ಎಷ್ಟು?" "ಪರವಾಗಿಲ್ಲಮ್ಮ, ಹಿಂಗೇ ನಡೀತಿದೆ. ನೀವು ಯಾವ ಕಡೆಯವರು?" ಆ ಬಳಿಕ ಉತ್ತರಿಸುವ ಸರದಿ ಸಂಶೋಧಕಿಯದು. ಬರಿಹೊಟ್ಟೆಯ ರಕ್ತ ಪರೀಕ್ಷೆಗೆ ಬಂದವರೆಲ್ಲ ಪ್ರಮಾಣ ಮಾಡಿ ಹೇಳುತ್ತಾರೆ, ಕಾಫಿ ಬಿಟ್ಟು ಏನನ್ನೂ ಮುಟ್ಟಿಲ್ಲವೆಂದು.

ಇಂಥ ಸಂಶೋಧನೆಯ ವಿದೇಶಿ ಸಹಯೋಗಿಗಳ ಜೊತೆಗಿನ ಸಭೆಯೂ ಒಂದು ಸಮಸ್ಯೆ. ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಇಲ್ಲಿ ಬೇಸಿಗೆಯಲ್ಲಾದರೆ ಮಧ್ಯಾಹ್ನ ಒಂದೂವರೆ, ಅವರು ಗಡಿಯಾರ ಹಿಂದಿಟ್ಟ ಮೇಲೆ ಎರಡೂವರೆ. ಒಂದರಲ್ಲಿ ಊಟ ಕೆಡುತ್ತದೆ, ಇನ್ನೊಂದರಲ್ಲಿ ನಿದ್ದೆ. ಹಿಂದೆ ಕಡಲು ದಾಟಿದವರಿಗೆ ಮಠದಲ್ಲಿ ಪ್ರಾಯಶ್ಚಿತ್ತವಿತ್ತು. ಈಗ ವಿದೇಶಿ ಸಹಯೋಗದ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆ ಸಾಲದು, ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅಪ್ಪಣೆಯೂ ಬೇಕು. ರಾಯರ ರಕ್ತ ಕಡಲು ದಾಟುವುದಕ್ಕೂ ಶಾಸ್ತ್ರವಿದೆ. ನಮ್ಮವರ ರಕ್ತ ಹೇಳಕೇಳದೆ ವಿಮಾನ ಹತ್ತದಿರಲೆಂದು ಮಾಡಿದ ಏರ್ಪಾಡು. ಇಲ್ಲಿ ನಗಲು ನನಗೆ ಮನಸ್ಸಿಲ್ಲ.

ಪೂರ್ವಸೂರಿಗಳನ್ನು ನೆನೆಯದೆ ಪ್ರಬಂಧ ಮುಗಿಯದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರಿನವರ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಬಂದಿತ್ತು. ಬರೆದವರ ಮುಂದೆ ಯಾವ ಸಂಶೋಧನಾ ಯೋಜನೆಯೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರು ಆಸ್ಪತ್ರೆಯವರ ಜೊತೆಗೂಡಿ, ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿ ಅದೇ ಸುತ್ತಮುತ್ತ ಬಾಳುತ್ತಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಿಗೆ ಮುಂದೆ ಹೃದ್ರೋಗ ಹೆಚ್ಚೆಂದು 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆರು ದಶಕ ಆ ಹಳೇ ರಿಜಿಸ್ಟರುಗಳನ್ನು ಯಾರೂ ರದ್ದಿಗೆ ಹಾಕದಿದ್ದದ್ದೇ ಈ ಸಂಶೋಧನೆಯ ಅತ್ಯುನ್ನತ ವಿಧಾನವೆಂದು ಪ್ರಬಂಧಕಾರನ ತೀರ್ಪು.

ಆದ್ದರಿಂದ ಸರಸ್ವತಿಪುರಂ ಮಹಾಜನರಲ್ಲಿ ಮನವಿ: 164ನ್ನೂ ಬರೆದಿಡಿ, ತಾರೀಖು ಹಾಕಿ. ಹಳೇ ಲ್ಯಾಬ್ ವರದಿ, ಡಾಕ್ಟರ ಚೀಟಿಗಳನ್ನು ಪೇಪರ್‌ನವನ ತಕ್ಕಡಿಗೆ ಹಾಕಬೇಡಿ.